ಜಗಲಿಯ ಮಾತು: ಗೋಡೆಯ ಪಟ್ಟಿ, ಕೈಯ ಖಾತೆ

ವಾಚಕ ಗೃಹಸ್ಥರಲ್ಲಿ ಅನೇಕರು ಈಚೆಗೆ ನಮ್ಮನ್ನು ದಾರಿಯಲ್ಲಿ ನಿಲ್ಲಿಸಿ ಕೇಳುವ ಪ್ರಶ್ನೆಯೊಂದುಂಟು. ಹಿಂದೆಲ್ಲ ಹುಡುಗನನ್ನು ಇಂಜಿನಿಯರಿಂಗಿಗೆ ಹಾಕುವುದೋ ವೈದ್ಯಕ್ಕೆ ಹಾಕುವುದೋ ಎಂದು ವಿಚಾರಿಸುತ್ತಿದ್ದವರು ಈಗ, “ಮೇಷ್ಟ್ರೇ, ಮಗಳು ಲಾ ಓದುತ್ತೇನೆನ್ನುತ್ತಾಳೆ. ಅದಕ್ಕೂ ಒಂದು ಪ್ರವೇಶ ಪರೀಕ್ಷೆಯಂತೆ. ಮೊದಲೆರಡು ತಿಂಗಳು ಬಹಳ ಹುರುಪಿನಿಂದ ಓದಿದಳು. ಈಗ ಪುಸ್ತಕ ಕಂಡರೆ ಮುಖ ತಿರುಗಿಸುತ್ತಾಳೆ. ಏನು ಮಾಡೋಣ?” ಎನ್ನುತ್ತಾರೆ. ಈ ವಿಷಯದಲ್ಲಿ ಬಾಯಿ ತೆರೆಯುವುದಕ್ಕೆ ನಮಗೆ ಏನಾದರೂ ಅರ್ಹತೆಯಿದ್ದರೆ ಅದು ನಾವು ಮಾಡಿದ ಒಂದು ತಪ್ಪಿನಿಂದ ಬಂದುದು. ಆ ತಪ್ಪನ್ನೇ ಈ ತಿಂಗಳು ಬರೆಯಬೇಕೆಂದು ಕುಳಿತಿದ್ದೇವೆ.

ಪರೀಕ್ಷೆಯ ಸ್ವರೂಪವನ್ನು ಅರಿಯದವರಿಗಾಗಿ ಮೊದಲು ನಾಲ್ಕು ಮಾತು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯು 1986ರ ಕರ್ನಾಟಕದ ಕಾಯಿದೆಯೊಂದರಿಂದ ಹುಟ್ಟಿ, ಮಾಧವ ಮೆನನ್ ಅವರ ನಿರ್ದೇಶಕತ್ವದಲ್ಲಿ 1988ರಿಂದ ಐದು ವರ್ಷಗಳ ಪಾಠಕ್ರಮವನ್ನು ಆರಂಭಿಸಿತು. ಅದನ್ನು ನೋಡಿ ಇತರ ರಾಜ್ಯಗಳಲ್ಲಿಯೂ ಅಂತಹ ವಿಶ್ವವಿದ್ಯಾಲಯಗಳು ಎದ್ದುವು. ಮೊದಮೊದಲು ಒಂದೊಂದೂ ತನ್ನ ತನ್ನ ಪರೀಕ್ಷೆ ನಡೆಸುತ್ತಿದ್ದುದರಿಂದ ಮಕ್ಕಳು ಊರೂರಿಗೆ ಅಲೆಯಬೇಕಾಗಿದ್ದಿತು. 2008ರಲ್ಲಿ ಏಳು ವಿಶ್ವವಿದ್ಯಾಲಯಗಳು ಸೇರಿ ಕ್ಲಾಟ್ ಎಂಬ ಸಮಾನ ಪರೀಕ್ಷೆಯನ್ನು ತಂದ ಮೇಲೆ ಆ ಅಲೆದಾಟ ಬಹುಮಟ್ಟಿಗೆ ತಪ್ಪಿತು. ಈಗ ಇಪ್ಪತ್ತಕ್ಕೂ ಮೇಲ್ಪಟ್ಟ ವಿಶ್ವವಿದ್ಯಾಲಯಗಳಿಗೆ ಇದೇ ಬಾಗಿಲು. ಎರಡು ಗಂಟೆ ಕಾಲ, 120 ಪ್ರಶ್ನೆ. ಇಂಗ್ಲಿಷು, ಪ್ರಚಲಿತ ವಿದ್ಯಮಾನ, ಕಾನೂನು ತರ್ಕ, ಸಾಮಾನ್ಯ ತರ್ಕ, ಸ್ವಲ್ಪ ಗಣಿತ, ಹೀಗೆ ಐದು ಭಾಗ. ಸರಿಯುತ್ತರಕ್ಕೆ ಒಂದು ಅಂಕ. ತಪ್ಪಿಗೆ ಕಾಲು ಅಂಕ ಕಡಿತ. ಹಿಂದೆ 200 ಪ್ರಶ್ನೆಗಳಿದ್ದು ಕಂಠಪಾಠಕ್ಕೆ ಬೆಲೆಯಿದ್ದಿತು. 2020ರಿಂದ ಅದನ್ನು ಮಾರ್ಪಡಿಸಿ, ಸುಮಾರು 450 ಪದಗಳವರೆಗಿನ ಗದ್ಯಖಂಡಗಳನ್ನು ಕೊಟ್ಟು, ಅವುಗಳ ಮೇಲೆಯೇ ಪ್ರಶ್ನೆ ಕೇಳುತ್ತಾರೆ. ಎಂದರೆ ಎರಡು ಗಂಟೆಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಗದ್ಯಖಂಡಗಳನ್ನು ಓದಿ ಅರ್ಥಮಾಡಿಕೊಳ್ಳಬೇಕು, ಅದೂ ಇಂಗ್ಲಿಷಿನಲ್ಲಿ. ಪ್ರಾದೇಶಿಕ ಭಾಷೆಗಳಲ್ಲಿಯೂ ಪರೀಕ್ಷೆ ನಡೆಯಲೆಂದು 2023ರಲ್ಲಿ ದೆಹಲಿಯ ಹೈಕೋರ್ಟಿಗೆ ಅರ್ಜಿ ಹೋಯಿತಾದರೂ, ಈ ಮೂವರು ಮಕ್ಕಳು ಬರೆದ ಕಾಲಕ್ಕೆ ಇಂಗ್ಲಿಷೇ ಗತಿಯಾಗಿದ್ದಿತು.

ಮೂವರು ಮಕ್ಕಳೆಂದೆವಲ್ಲವೆ? ಅವರಲ್ಲಿ ಒಬ್ಬಳು ಗುಬ್ಬಿಯ ಬಳಿಯ ಹಳ್ಳಿಯವಳು. ತೆಂಗು ಬೆಳೆಯುವವರ ಮಗಳು. ದಿನವೂ ರೈಲಿನಲ್ಲಿ ತುಮಕೂರಿಗೆ ಬಂದು ಪಿ.ಯು. ಓದುತ್ತಿದ್ದಳು. ಇನ್ನೊಬ್ಬನು, ಹಾಡಿನಿಂದ ನಾಡಿಗೆಲ್ಲ ಪರಿಚಿತವಾದ ಕೆರೆಯ ಊರು ಕುಣಿಗಲಿನವನು. ತಂದೆಗೆ ಅಲ್ಲಿ ಒಂದು ಹೊಲಿಗೆ ಅಂಗಡಿ. ಮೂರನೆಯವನು ನಮ್ಮ ನೆರೆಮನೆಯವರ ಮೊಮ್ಮಗ. 2024ರ ಬೇಸಗೆಯಲ್ಲಿ ಈ ಮೂವರೂ ಭಾನುವಾರಗಳಲ್ಲಿ ನಮ್ಮ ಜಗಲಿಗೆ ಬರತೊಡಗಿದರು. ತರಬೇತಿ ಕೇಂದ್ರಗಳ ಶುಲ್ಕವನ್ನು ತೆರುವ ಶಕ್ತಿ ಇಬ್ಬರ ಮನೆಗಳಲ್ಲಿ ಇರಲಿಲ್ಲ. ಪರೀಕ್ಷೆಯ ಅರ್ಜಿಗೇ 4,000 ರೂಪಾಯಿ, ಪರಿಶಿಷ್ಟರಿಗೂ ಬಡತನದ ರೇಖೆಯ ಕೆಳಗಿನವರಿಗೂ 3,500. (ಇಂತಹ ಮಕ್ಕಳಿಗೆಂದೇ ಶಮ್ನಾದ್ ಬಷೀರ್ ಎಂಬ ಕಾನೂನು ಪಂಡಿತರು 2010ರಲ್ಲಿ ‘ಐಡಿಯಾ’ ಎಂಬ ಸಂಸ್ಥೆಯನ್ನು ಕಟ್ಟಿದರು, ಬಡ ಮಕ್ಕಳನ್ನು ಹುಡುಕಿ ಈ ಪರೀಕ್ಷೆಗೆ ಅಣಿಮಾಡುವುದೇ ಅದರ ಕೆಲಸ. ಅವರು 2019ರಲ್ಲಿ ನಮ್ಮ ಚಿಕ್ಕಮಗಳೂರಿನ ಗಿರಿಯಲ್ಲಿ ಅಕಾಲದಲ್ಲಿ ತೀರಿಕೊಂಡರು. ಅನುಕೂಲವಿಲ್ಲದ ಗೃಹಸ್ಥರು ಆ ಸಂಸ್ಥೆಯನ್ನು ವಿಚಾರಿಸಿ ನೋಡಬಹುದು. ನಮಗೆ ಆಗ ಅದು ತಿಳಿಯದೆ ಹೋಯಿತು.)

ಸಂಸ್ಕೃತದ ಪಂಡಿತನಿಗೆ ಲಾ ಪರೀಕ್ಷೆಯಲ್ಲೇನು ಕೆಲಸವೆಂದು ನಮ್ಮ ಸ್ನೇಹಿತರೊಬ್ಬರು ನಕ್ಕರು. ಹಿಂದೂ ದಾಯಭಾಗದ ವಿಷಯದಲ್ಲಿ ನ್ಯಾಯಾಲಯಗಳು ಬಹುಕಾಲ ಪ್ರಮಾಣವೆಂದು ಹಿಡಿದ ಮಿತಾಕ್ಷರವನ್ನು ವಿಜ್ಞಾನೇಶ್ವರನು ಬರೆದುದು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಎಂಬುದನ್ನು ಅವರಿಗೆ ನೆನಪು ಮಾಡಿಕೊಟ್ಟೆವು. ಅದು ಬಾಯಿಮಾತಿನ ಜಯವಾಯಿತಷ್ಟೆ. ನಿಜವಾದ ಪ್ರಯೋಜನ ಬೇರೆ ಕಡೆ ದೊರೆಯಿತು. ಒಂದು ಗ್ರಂಥಭಾಗದ ತಾತ್ಪರ್ಯವನ್ನು ನಿರ್ಣಯಿಸಲು ಮೀಮಾಂಸಕರು ಹೇಳುವ ಗುರುತುಗಳುಂಟು: ಉಪಕ್ರಮ ಹೇಗಿದೆ, ಉಪಸಂಹಾರ ಹೇಗಿದೆ, ಯಾವ ಮಾತು ಮತ್ತೆ ಮತ್ತೆ ಬಂದಿದೆ, ಯಾವುದು ಬರಿಯ ಸ್ತುತಿಗಾಗಿ ಬಂದಿದೆ ಎಂಬಿವೇ ಮೊದಲಾದುವು. ಇಂಗ್ಲಿಷಿನ ಗದ್ಯಖಂಡವನ್ನು ಮಕ್ಕಳ ಮುಂದಿಟ್ಟು ಇದೇ ಗುರುತುಗಳನ್ನು ಹುಡುಕಿಸಿದೆವು. ಬಹಳ ಚೆನ್ನಾಗಿ ಒದಗಿತು.

ಕಾನೂನು ತರ್ಕದಲ್ಲಿಯಂತೂ ನೈಯಾಯಿಕರ ಅತಿವ್ಯಾಪ್ತಿ, ಅವ್ಯಾಪ್ತಿ ಎಂಬ ಎರಡು ಮಾತುಗಳಿಗೆ ಇಷ್ಟು ಬೆಲೆಯಿದೆಯೆಂದು ನಾವೂ ಎಣಿಸಿರಲಿಲ್ಲ. ಒಂದು ನಿಯಮವನ್ನು ಕೊಡುತ್ತಾರೆ. ಒಂದು ಪ್ರಸಂಗವನ್ನು ಕೊಡುತ್ತಾರೆ. ನಿಯಮವು ಪ್ರಸಂಗಕ್ಕೆ ಹತ್ತುವುದೆ ಎಂದು ಕೇಳುತ್ತಾರೆ. ಪರರ ವಶದಲ್ಲಿರುವ ಚರವಸ್ತುವನ್ನು ಅವರ ಒಪ್ಪಿಗೆಯಿಲ್ಲದೆ, ದುರುದ್ದೇಶದಿಂದ ತೆಗೆದೊಯ್ಯುವುದು ಕಳ್ಳತನ. ಹಳೆಯ ದಂಡಸಂಹಿತೆಯಲ್ಲಿ ಇದು 378ನೆಯ ಕಲಮಾಗಿದ್ದಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 303ನೆಯದಾಗಿದೆ. ನೆರೆಯವನ ಮರದ ತೆಂಗಿನಕಾಯಿಯನ್ನು ತನ್ನ ಮರದ್ದೆಂದೇ ನಿಜವಾಗಿ ನಂಬಿ ಒಬ್ಬನು ಒಯ್ದರೆ ಅದು ಕಳ್ಳತನವೆ? ದುರುದ್ದೇಶವಿಲ್ಲವಾದುದರಿಂದ ಅಲ್ಲ, ಕಳ್ಳತನವೆಂದರೆ ಅತಿವ್ಯಾಪ್ತಿ. ಇನ್ನೊಬ್ಬನು ಬೇಕೆಂದೇ ನೆರೆಯವನ ಮರ ಹತ್ತಿ ಕಾಯಿ ಕಿತ್ತುಕೊಂಡು ಹೋಗಿ, ‘ಮರವು ಸ್ಥಿರಸ್ವತ್ತು, ಆದುದರಿಂದ ಕಾಯಿಯೂ ಸ್ಥಿರ’ ಎಂದು ವಾದಿಸಿದರೆ? ನೆಲಕ್ಕೆ ಅಂಟಿದ್ದುದು ಬೇರ್ಪಟ್ಟ ಕ್ಷಣವೇ ಚರವಾಗುತ್ತದೆಂದು ಕಾನೂನು ಹೇಳುತ್ತದೆ, ಕಳ್ಳತನವಲ್ಲವೆಂದರೆ ಅವ್ಯಾಪ್ತಿ. ಗುಬ್ಬಿಯ ಹುಡುಗಿ ಇದನ್ನು ಕೇಳಿ, “ನಮ್ಮೂರಲ್ಲಿ ಇದೇ ಜಗಳ ಎರಡು ವರ್ಷ ನಡೆಯಿತು, ಮೇಷ್ಟ್ರೇ” ಎಂದಳು. ಅಂದಿನಿಂದ ಅವಳಿಗೆ ಕಾನೂನು ರುಚಿಸಿತು.

ಇನ್ನು ನಮ್ಮ ತಪ್ಪಿಗೆ ಬರುತ್ತೇವೆ.

ಮಕ್ಕಳು ವಾರಕ್ಕೊಂದು ಮಾದರಿ ಪರೀಕ್ಷೆಯನ್ನು ಮನೆಯಲ್ಲಿ ಬರೆದು, ಉತ್ತರಪಟ್ಟಿ ನೋಡಿ ತಾವೇ ತಿದ್ದಿಕೊಂಡು, ಭಾನುವಾರ ನಮಗೆ ಅಂಕ ಹೇಳಬೇಕೆಂದು ಗೊತ್ತುಮಾಡಿದೆವು. ಪ್ರಗತಿ ಕಣ್ಣಿಗೆ ಕಾಣುತ್ತಿದ್ದರೆ ಉತ್ಸಾಹ ತಾನಾಗಿ ಬರುವುದೆಂದು ಎಲ್ಲರಂತೆ ನಾವೂ ನಂಬಿದ್ದೆವು. ದೊಡ್ಡದೊಂದು ಹಾಳೆಯಲ್ಲಿ ಮೂರು ಹೆಸರು ಬರೆದು, ವಾರವಾರದ ಅಂಕ ತುಂಬಿ, ಆ ವಾರದ ಹೆಚ್ಚಿನ ಅಂಕವನ್ನು ಕೆಂಪು ಶಾಯಿಯಲ್ಲಿ ಬರೆದು, ನಡುಮನೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆವು. ಬಂದವರೆಲ್ಲ ನೋಡಿದರು, ಹೊಗಳಿದರು. ನಮ್ಮ ಮನಸ್ಸಿಗೂ ಹಿತವಾಗಿದ್ದಿತು, ಅದನ್ನು ಮುಚ್ಚಿಡಲಾರೆವು.

ಕುಣಿಗಲಿನ ಹುಡುಗನ ಅಂಕಗಳು 61, 54, 66, 49 ಎಂದು ಏರಿ ಇಳಿಯುತ್ತಿದ್ದುವು. ನೆರೆಯ ಹುಡುಗನು ಐದನೆಯ ವಾರಕ್ಕೆ ಬೇಸತ್ತು, ತನಗೆ ವಾಣಿಜ್ಯವೇ ಸರಿಯೆಂದು ಬಿಟ್ಟುಬಿಟ್ಟನು. ಅವನ ಮಾತು ಅಲ್ಲಿಗೆ ಮುಗಿಯಿತು, ಅವನು ಸುಖವಾಗಿದ್ದಾನೆ. ಗುಬ್ಬಿಯ ಹುಡುಗಿಯ ಅಂಕಗಳು ಮಾತ್ರ 38, 41, 45, 50, 54, 59 ಎಂದು ಮೆಟ್ಟಿಲು ಹತ್ತಿದಂತೆ ಹತ್ತಿದುವು. ಕುಣಿಗಲಿನವನನ್ನು ಕರೆದು, “ಇವಳನ್ನು ನೋಡಿ ಕಲಿ” ಎಂದು ಎರಡು ಸಲ ಹೇಳಿದೆವು. ಕಲಿಯುವ ಯಾವ ಮಗುವಿನ ಅಂಕವೂ ಹಾಗೆ ಒಂದೇ ಸಮನಾಗಿ ಏರುವುದಿಲ್ಲವೆಂಬುದನ್ನು ಮೂರು ದಶಕಗಳಿಗೂ ಮೇಲ್ಪಟ್ಟು ಪಾಠ ಹೇಳಿದ ನಾವು ಗಮನಿಸಬೇಕಾಗಿದ್ದಿತು. ಗಮನಿಸಲಿಲ್ಲ.

ಆಗಸ್ಟಿನ ಒಂದು ಭಾನುವಾರ ಅವಳು ಆ ವಾರದ ಪರೀಕ್ಷೆ ಬರೆಯಲಾಗಲಿಲ್ಲವೆಂದು ಹೇಳಿದಳು. ಹಾಗಾದರೆ ಇಲ್ಲಿಯೇ ಬರೆಯೆಂದು ಜಗಲಿಯಲ್ಲಿ ಕೂರಿಸಿ, ನಾವೇ ತಿದ್ದಿದೆವು. ಪಟ್ಟಿಯ ಪ್ರಕಾರ 62ರ ಆಸುಪಾಸು ಬರಬೇಕಾದ ಅಂಕ 41 ಬಂದಿತು. ಎರಡನೆಯ ಸಲ ಕೂಡಿದೆವು, 41. ಅವಳು ತಲೆಯೆತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, “ಮೂರನೆಯ ವಾರದಿಂದ ಬರೆದದ್ದೆಲ್ಲ ಸುಳ್ಳು, ಮೇಷ್ಟ್ರೇ. ಅಪ್ಪ ಗೋಡೆ ನೋಡುತ್ತಾರೆ” ಎಂದಳು.

ಅವಳ ತಂದೆ ಹದಿನೈದು ದಿನಕ್ಕೊಮ್ಮೆ ಮಂಡಿಯ ಕೆಲಸಕ್ಕೆ ತುಮಕೂರಿಗೆ ಬಂದಾಗ ನಮ್ಮ ಮನೆಗೆ ಬಂದು, ನೀರು ಕುಡಿದು, ಆ ಪಟ್ಟಿಯ ಮುಂದೆ ಒಂದು ನಿಮಿಷ ನಿಂತು ಹೋಗುತ್ತಿದ್ದರು. ಇಂಗ್ಲಿಷು ಬಾರದಿದ್ದರೂ ಅಂಕಿ ಓದಬಲ್ಲವರು. ದೀಪಾವಳಿಯೊಳಗೆ ಅಂಕ ಏರದಿದ್ದರೆ ಈ ಓದು ಸಾಕು, ಹದಿನೆಂಟು ತುಂಬುತ್ತಲೇ ಸೋದರಮಾವನ ಮನೆಯ ಸಂಬಂಧವನ್ನು ಮಾತನಾಡುವುದೆಂದು ಅವರು ಮನೆಯಲ್ಲಿ ಹೇಳಿದ್ದರಂತೆ. ನಮಗೆ ಅದು ಗೊತ್ತಿರಲಿಲ್ಲ. ಗೋಡೆಯ ಮೇಲಿನ ಹಾಳೆ ನಮಗೆ ಒಂದು ಪಾಠೋಪಕರಣವಾಗಿದ್ದಿತು. ಅವಳಿಗೆ ಅದು ನ್ಯಾಯಪೀಠವಾಗಿದ್ದಿತು.

ಇದಕ್ಕಿಂತ ಹೆಚ್ಚು ನೋವು ತಂದುದು ಆಮೇಲೆ ಅವಳು ಹೇಳಿದ ಮಾತು. ಸುಳ್ಳು ಅಂಕ ಬರೆಯತೊಡಗಿದ ಮೇಲೆ ತಾನು ಎಲ್ಲಿ ತಪ್ಪಿದೆನೆಂದು ನೋಡುವುದನ್ನೇ ಬಿಟ್ಟಳಂತೆ. “54 ಅಂತ ಬರೆದಾಯಿತಲ್ಲ, ಇನ್ನು ನೋಡಿ ಏನಾಗಬೇಕು ಅನ್ನಿಸುತ್ತಿತ್ತು” ಎಂದಳು. ವಾರಕ್ಕೆ ಎರಡು ಗಂಟೆ ಪರೀಕ್ಷೆ ಬರೆದಳು, ಕತ್ತಲಲ್ಲಿ ರೈಲು ಹಿಡಿದು ಬಂದಳು, ಹೋದಳು. ಆದರೆ ಮೂರು ತಿಂಗಳು ಅವಳು ಕಲಿತುದು ಬಹಳ ಕಡಮೆ. ಓದುವ ಮನಸ್ಸು ಏಕೆ ಬತ್ತಿತೆಂದು ತಂದೆತಾಯಿಗಳು ಕೇಳುತ್ತಾರಲ್ಲ, ಅದರ ಒಂದು ಕಾರಣ ನಮಗೆ ಆ ದಿನ ಕಣ್ಣಮುಂದೆ ಕುಳಿತಿದ್ದಿತು.

ಆ ರಾತ್ರಿ ಹಾಳೆಯನ್ನು ತೆಗೆದೆವು. ನಮ್ಮ ಗೃಹಿಣಿಯವರು ಅದನ್ನು ಮಡಿಸುತ್ತ, “ಶಾಲೆಯಲ್ಲಿ ಇಷ್ಟು ವರ್ಷ ಮಾಡಿದ್ದೂ ಇದನ್ನೇ ಅಲ್ಲವೆ?” ಎಂದರು. ನಾವು ಉತ್ತರ ಕೊಡಲಿಲ್ಲ. ಕೊಡಬೇಕಾದ ಉತ್ತರ ನಮಗೆ ಇಂದಿಗೂ ಒಂದೇ ಹೊಳೆಯುತ್ತದೆ, ಹೌದೆಂಬುದು.

ಮರುವಾರ ಹುಡುಗಿಯ ಒಪ್ಪಿಗೆ ಪಡೆದು ಗುಬ್ಬಿಗೆ ಹೊರಟೆವು. ರೈಲಿನಲ್ಲಿ ಕುಳಿತಾಗ, 1884ರಲ್ಲಿ ಆ ಊರಿನಲ್ಲಿ ಹುಟ್ಟಿ ಮುಂದೆ ವೀರಣ್ಣನವರ ಕೈಯಲ್ಲಿ ನಾಡಿನ ಮನೆಮಾತಾದ ನಾಟಕ ಕಂಪನಿಯ ನೆನಪಾಯಿತು. ಅಷ್ಟು ದೊಡ್ಡ ಕಂಪನಿಯೂ ತಾಲೀಮಿಗೆ ಟಿಕೆಟ್ಟು ಮಾರಲಿಲ್ಲವಲ್ಲ! ಮಾತು ಮರೆಯುವುದು, ರಾಗ ತಪ್ಪುವುದು, ಕತ್ತಿ ಕೈಜಾರುವುದು, ಎಲ್ಲವೂ ಪರದೆಯ ಹಿಂದೆ ಆಗಿ ಮುಗಿಯಬೇಕಾದುವು. ನಾವು ಮಕ್ಕಳ ತಾಲೀಮಿಗೆ ಪ್ರೇಕ್ಷಕರನ್ನು ಕರೆದು ಕೂರಿಸಿದ್ದೆವು.

ಅವಳ ತಂದೆ ಅಟ್ಟದ ಮೇಲಿದ್ದರು. ನಮ್ಮ ಸೀಮೆಯ ಉಂಡೆಕೊಬ್ಬರಿಯ ಕ್ರಮ ವಾಚಕರಲ್ಲಿ ಕೆಲವರಿಗಾದರೂ ತಿಳಿದಿರಬೇಕು: ಬಲಿತ ಕಾಯಿಗಳನ್ನು ಒಡೆಯದೆ ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಹಾಕಿಟ್ಟರೆ ಒಳಗಿನ ನೀರು ಆರಿ, ಕೊಬ್ಬರಿ ಕರಟ ಬಿಟ್ಟು ಉಂಡೆಯಾಗುತ್ತದೆ. ನಾವು ಕೆಳಗೆ ನಿಂತೇ ಸಂಗತಿಯನ್ನೆಲ್ಲ ಹೇಳಿದೆವು. ತಪ್ಪಿನಲ್ಲಿ ನಮ್ಮ ಪಾಲು ಎಷ್ಟೆಂಬುದನ್ನೂ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು ಏಣಿ ಇಳಿದು ಬಂದರು. ಮಗಳ ಮೇಲೆ ಕೋಪವಿತ್ತು, ನಮ್ಮ ಮೇಲೆಯೂ ಇದ್ದಿತು, ಅದನ್ನು ಮರೆಸಲಿಲ್ಲ. “ಸುಳ್ಳು ಹೇಳಿದ್ದು ತಪ್ಪು” ಎಂದು ಎರಡು ಸಲ ಅಂದರು. ಕೈಯಲ್ಲಿದ್ದ ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ, ಗಡಗಡ ಸದ್ದು ಬಂದುದನ್ನು ನಮಗೂ ಕೇಳಿಸಿ, “ಆಯಿತೋ ಇಲ್ಲವೋ ಅಂತ ವಾರವಾರ ಒಡೆದು ನೋಡಿದರೆ ಕೊಬ್ಬರಿಯಾಗುವುದಿಲ್ಲ, ಮೇಷ್ಟ್ರೇ. ಹೊರಗಿಂದ ಅಲ್ಲಾಡಿಸಿ ಕೇಳಬೇಕು. ನೀವು ಒಡೆದು ಒಡೆದು ನೋಡಿದಿರಿ, ನಾನೂ ನೋಡಿದೆ” ಎಂದರು. ದೀಪಾವಳಿಯ ಕರಾರನ್ನು ಅವರು ಅಂದು ಹಿಂತೆಗೆದುಕೊಳ್ಳಲಿಲ್ಲ, ಡಿಸೆಂಬರಿನವರೆಗೆ ಮುಂದೂಡಿದರು. ಗೋಡೆಗೆ ಏನನ್ನೂ ಹಾಕಬೇಡಿರೆಂದು ಕೇಳಿಕೊಂಡರು.

ಅವರ ಮನೆಯಿಂದಲೇ ನಮಗೆ ಹೊಸ ಕ್ರಮವೂ ದೊರೆಯಿತು. ಗೂಡಿನಲ್ಲಿ ಎರಡು ಲೆಕ್ಕದ ಪುಸ್ತಕಗಳಿದ್ದುವು. ಒಂದು ಕಿರ್ದಿ, ದಿನದಿನದ ಜಮಾ ಖರ್ಚು ಬಂದ ಹಾಗೆ ಬರೆಯತಕ್ಕದ್ದು. ಇನ್ನೊಂದು ಖಾತೆ, ಕಿರ್ದಿಯಿಂದ ಎತ್ತಿ, ಯಾರ ಹೆಸರಿನಲ್ಲಿ ಎಷ್ಟು ಬಾಕಿ ನಿಂತಿದೆಯೆಂದು ಪುಟಪುಟವಾಗಿ ತೋರಿಸತಕ್ಕದ್ದು. ನಾವು ಗೋಡೆಗೆ ಹಾಕಿದ್ದುದು ಎರಡೂ ಅಲ್ಲ. ಅಂಗಡಿಯ ಒಟ್ಟು ವ್ಯಾಪಾರವನ್ನು ಬೀದಿಗೆ ಸಾರಿದಂತೆ ಅಷ್ಟೆ. ವ್ಯಾಪಾರ 41 ಎಂದು ತಿಳಿದರೆ ನಷ್ಟ ಎಲ್ಲಿ ಸೋರುತ್ತಿದೆಯೆಂಬುದು ತಿಳಿಯುವುದೆ?

ಮಕ್ಕಳಿಬ್ಬರಿಗೂ ಎರಡೆರಡು ಪುಸ್ತಕ ತೆಗೆಯಿಸಿದೆವು. ಕಿರ್ದಿಯಲ್ಲಿ ತಾರೀಖು, ಓದಿದ ಗದ್ಯಖಂಡ, ಪ್ರಶ್ನೆ ಎಷ್ಟು, ಸರಿ ಎಷ್ಟು, ತಪ್ಪು ಎಷ್ಟು, ಬಿಟ್ಟದ್ದು ಎಷ್ಟು, ಹಿಡಿದ ನಿಮಿಷ ಎಷ್ಟು. ಒಂದು ಸಾಲಿಗೆ ಮೀರಬಾರದು, ಅದೇ ರಾತ್ರಿ ಬರೆಯಬೇಕು. ಏನೂ ಓದದ ದಿನ ‘ಓದಲಿಲ್ಲ’ ಎಂದು ಬರೆಯಬೇಕು. ಸಾಲನ್ನು ಖಾಲಿ ಬಿಡಕೂಡದು. ಖಾತೆಯಲ್ಲಿ ತಪ್ಪಿನ ಒಂದೊಂದು ಜಾತಿಗೂ ಒಂದೊಂದು ಪುಟ: ಪದದ ಅರ್ಥ ತಿಳಿಯದೆ ಹೋದುದು, ಗದ್ಯವನ್ನು ಪೂರ್ತಿ ಓದದೆ ಊಹಿಸಿದುದು, ಅತಿವ್ಯಾಪ್ತಿ, ಅವ್ಯಾಪ್ತಿ, ವೇಳೆ ಸಾಲದೆ ಹೋದುದು, ಸುದ್ದಿಯೇ ಗೊತ್ತಿಲ್ಲದುದು. ದೊಡ್ಡ ಮಾದರಿ ಪರೀಕ್ಷೆಯನ್ನು ಹದಿನೈದು ದಿನಕ್ಕೊಂದಕ್ಕೆ ಇಳಿಸಿ, ನಡುವಿನ ದಿನಗಳಲ್ಲಿ ದಿನಕ್ಕೆ ಎರಡೇ ಗದ್ಯಖಂಡಗಳನ್ನು ಇಟ್ಟುಕೊಂಡೆವು. ಪುಸ್ತಕ ಮಕ್ಕಳದು; ತಾವಾಗಿ ತಂದು ತೋರಿಸಿದರೆ ನಾವು ನೋಡುವುದು, ಇಲ್ಲದಿದ್ದರೆ ಕೇಳಕೂಡದು. ಈ ಕೊನೆಯ ನಿಯಮ ನಮಗೇ ಎಲ್ಲಕ್ಕಿಂತ ಕಷ್ಟವಾಯಿತು.

ಹುಡುಗಿ ಮೂರು ವಾರ ತೋರಿಸಲಿಲ್ಲ. ನಾಲ್ಕನೆಯ ಭಾನುವಾರ ತಾನಾಗಿ ಖಾತೆಯನ್ನು ತಂದು ಮುಂದಿಟ್ಟಳು. ‘ಓದದೆ ಊಹಿಸಿದುದು’ ಎಂಬ ಪುಟದಲ್ಲಿ ಮೊದಲ ಪರೀಕ್ಷೆಯ 19 ಇದ್ದುದು ಎರಡನೆಯದರಲ್ಲಿ 11ಕ್ಕೆ ಇಳಿದಿದ್ದಿತು. ಒಟ್ಟು ಅಂಕ 41ರಿಂದ 43ಕ್ಕೆ ಏರಿದ್ದಿತು, ಅಷ್ಟೆ. ಗೋಡೆಯ ಪಟ್ಟಿಯಲ್ಲಾದರೆ ಆ ಎರಡು ಅಂಕದ ಮುಂದೆ ಯಾರೂ ನಿಲ್ಲುತ್ತಿರಲಿಲ್ಲ. ಖಾತೆಯ ಪುಟವನ್ನು ಅವಳು ನಮಗೆ ಮೂರು ಸಲ ತೋರಿಸಿದಳು. ‘ಪದದ ಅರ್ಥ’ದ ಪುಟ ಮಾತ್ರ ತುಂಬುತ್ತಲೇ ಇದ್ದಿತು. ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಓದಿದ ಮಗುವಿಗೆ ಅದು ಎರಡು ತಿಂಗಳಲ್ಲಿ ತೀರುವ ಸಾಲವಲ್ಲ. ತೀರದ ಸಾಲವೂ ಎಷ್ಟೆಂದು ಗೊತ್ತಿದ್ದರೆ ನಿದ್ರೆ ಬರುತ್ತದೆಂದು ಅವಳ ತಂದೆ ಆಮೇಲೊಮ್ಮೆ ಹೇಳಿದರು. ಸಾಲ ಮಾಡಿ ಗೊತ್ತಿದ್ದವರ ಮಾತು, ನಾವು ಎದುರಾಡಲಿಲ್ಲ.

ಕುಣಿಗಲಿನ ಹುಡುಗನ ರೋಗ ಬೇರೆ. ಅವನು ಒಂದು ಪ್ರಶ್ನೆಯನ್ನೂ ಬಿಡುತ್ತಿರಲಿಲ್ಲ. ಒಂದು ಪರೀಕ್ಷೆಯಲ್ಲಿ 120ಕ್ಕೂ ಉತ್ತರ ಗುರುತಿಸಿ, 74 ಸರಿ, 46 ತಪ್ಪು. ಕಡಿತ ಹನ್ನೊಂದೂವರೆ ಹೋಗಿ ಉಳಿದುದು 62.5. ಕಡಿತವಿರುವಾಗ ಊಹೆ ಏಕೆಂದು ನಾವು ಗದರಿದೆವು. ಅವನು ಕಾಗದ ತೆಗೆದು, “ನಾಲ್ಕು ಉತ್ತರದಲ್ಲಿ ಒಂದನ್ನು ಕಣ್ಣುಮುಚ್ಚಿ ಗುರುತಿಸಿದರೂ ಸರಾಸರಿಗೆ 16ರಲ್ಲಿ 4 ಸರಿ, 12 ತಪ್ಪು. ನಾಲ್ಕರಲ್ಲಿ ಮೂರು ಕಡಿತವಾದರೆ ಒಂದು ಉಳಿಯಿತಲ್ಲ, ಮೇಷ್ಟ್ರೇ?” ಎಂದನು. ಲೆಕ್ಕ ಸರಿಯಾಗಿದ್ದಿತು, ನಾವು ಸೋತೆವು. ಆದರೆ ಅವನ ಖಾತೆ ಬೇರೊಂದು ಸಂಗತಿಯನ್ನು ಹೇಳಿತು. 46 ತಪ್ಪುಗಳಲ್ಲಿ 21 ಕೊನೆಯ 30 ಪ್ರಶ್ನೆಗಳಲ್ಲಿದ್ದುವು. ಉಳಿದ 25ರಲ್ಲಿ ಬಹುಪಾಲು ‘ಪೂರ್ತಿ ಓದದೆ’ ಎಂಬ ಪುಟಕ್ಕೆ ಸೇರಿದ್ದುವು. ಕೊನೆಯವನ್ನು ಮುಟ್ಟಬೇಕೆಂಬ ಅವಸರದಲ್ಲಿ ಮೊದಲಿನವನ್ನೂ ಕೆಡಿಸಿಕೊಳ್ಳುತ್ತಿದ್ದನು. ಮುಂದಿನ ಸಲ ಕಷ್ಟವೆಂದು ತೋರಿದ ನಾಲ್ಕು ಗದ್ಯಖಂಡಗಳನ್ನು ತೆರೆಯದೆ, 98 ಪ್ರಶ್ನೆಗಳನ್ನು ಮಾತ್ರ ನಿಧಾನವಾಗಿ ಓದಿದನು: 73 ಸರಿ, 25 ತಪ್ಪು, 66.75. ಪ್ರಶ್ನೆ ಕಡಮೆ, ಅಂಕ ಹೆಚ್ಚು. ಬಿಟ್ಟವುಗಳಿಗೆ ಕೊನೆಯ ನಿಮಿಷದಲ್ಲಿ ಕಣ್ಣುಮುಚ್ಚಿ ಗುರುತು ಹಾಕುವ ಸುಖವನ್ನು ಅವನಿಂದ ಬಿಡಿಸಲು ನಾವು ಮತ್ತೆ ಯತ್ನಿಸಲಿಲ್ಲ. ಕುಣಿಗಲಿನಿಂದ ಬರುವ ಬಸ್ಸಿನ ಒಂದು ಗಂಟೆಯಲ್ಲಿ ಅವನು ಪತ್ರಿಕೆಯ ಸಂಪಾದಕೀಯ ಓದುತ್ತಿದ್ದನು. ಅದನ್ನು ಕಿರ್ದಿಗೆ ಸೇರಿಸಬಹುದೆ ಎಂದು ಕೇಳಿದಾಗ, ಸೀಟು ಸಿಕ್ಕಿದ ದಿನ ಮಾತ್ರ ಸೇರಿಸೆಂದೆವು.

ವಿರಾಮದ ಮಾತನ್ನೂ ಹೇಳಬೇಕು. ನಾವು ಓದಿದ ಪಾಠಶಾಲೆಯಲ್ಲಿ ಪಾಡ್ಯ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳು ಅನಧ್ಯಾಯ. ಅಂದು ಹೊಸ ಪಾಠವಿಲ್ಲ. ಚಿಕ್ಕಂದಿನಲ್ಲಿ ಅದನ್ನು ಶಾಸ್ತ್ರವೆಂದು ತಿಳಿದಿದ್ದೆವು. ಈಗ ಅದರಲ್ಲಿ ದೊಡ್ಡ ಲೋಕಾನುಭವವಿದೆಯೆಂದು ತೋರುತ್ತದೆ. ದಣಿದಾಗ ಬಿಡುವುದಕ್ಕೂ ಮೊದಲೇ ಗೊತ್ತಾದ ದಿನ ಬಿಡುವುದಕ್ಕೂ ವ್ಯತ್ಯಾಸವುಂಟು. ಮೊದಲನೆಯದರಲ್ಲಿ ಮನಸ್ಸು ಕುಗ್ಗುತ್ತದೆ, ಎರಡನೆಯದರಲ್ಲಿ ಕುಗ್ಗುವುದಿಲ್ಲ. ಮಕ್ಕಳ ಕಿರ್ದಿಯಲ್ಲಿ ಅಷ್ಟಮಿಯ ಸಾಲಿಗೆ ಮುಂಚೆಯೇ ‘ಅನಧ್ಯಾಯ’ ಎಂದು ಬರೆಯಿಸಿದೆವು. ಇತರ ದಿನ ತಪ್ಪುವುದು ಕಡಮೆಯಾಯಿತು.

ಇಷ್ಟೆಲ್ಲ ಮಾಡಿದರೂ ತಾರೀಖು ನಮ್ಮ ಕೈಯಲ್ಲಿರುವುದಿಲ್ಲ. 2020ರ ಮೇ 10ಕ್ಕೆ ಗೊತ್ತಾಗಿದ್ದ ಪರೀಕ್ಷೆ ಮಹಾಮಾರಿಯ ಕಾರಣ ಮತ್ತೆ ಮತ್ತೆ ಮುಂದೆ ಹೋಗಿ ಸೆಪ್ಟೆಂಬರ್ 28ಕ್ಕೆ ನಡೆಯಿತು. ನಡುವೆ ಬೆಂಗಳೂರಿನ ಶಾಲೆ ತಾನೇ ಬೇರೆ ಪರೀಕ್ಷೆ ನಡೆಸಲು, ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿತು. ನಮ್ಮ ಮಕ್ಕಳು 2024ರ ಡಿಸೆಂಬರ್ 1ರಂದು ಬರೆದರು. ಫಲಿತಾಂಶ ಬೇಗನೆ ಬಂದಿತಾದರೂ ಕೆಲವು ಪ್ರಶ್ನೆಗಳ ಉತ್ತರಪಟ್ಟಿಯೇ ತಪ್ಪೆಂಬ ವ್ಯಾಜ್ಯ ದೆಹಲಿ ಹೈಕೋರ್ಟಿಗೂ, ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಗಿ, 2025ರ ಮೇ ತಿಂಗಳಲ್ಲಿ ತೀರ್ಮಾನವಾಗುವವರೆಗೆ ಸೀಟು ಹಂಚಿಕೆ ತಡವಾಯಿತು. ಪ್ರಶ್ನೆ ಕೇಳುವವರೂ ತಪ್ಪುವರೆಂಬುದು ಮಕ್ಕಳಿಗೆ ಒಂದು ಬಗೆಯ ಸಮಾಧಾನ ತಂದಿತೆನ್ನಬೇಕು. ತಮ್ಮ ಖಾತೆಯಲ್ಲಿ ‘ಅವರ ತಪ್ಪು’ ಎಂದು ಒಂದು ಹೊಸ ಪುಟ ತೆರೆದು ನಮಗೆ ತೋರಿಸಿ ನಕ್ಕರು. ಆದರೆ ಐದು ತಿಂಗಳು ಕಾಯುವುದು, ಅದರ ನಡುವೆ ಪಿ.ಯು. ಪರೀಕ್ಷೆ ಬರೆಯುವುದು ನಗುವ ಮಾತಾಗಿರಲಿಲ್ಲ. ಕ್ಲಾಟಿನ ಕಿರ್ದಿಯಲ್ಲಿಯೇ ಪಿ.ಯು. ಪಾಠಗಳನ್ನು ಮುಂದುವರಿಸಿ ಬರೆದರು, ಪುಸ್ತಕ ನಿಲ್ಲಲಿಲ್ಲ.

ಹುಡುಗನಿಗೆ ಹೊರರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಸ್ಥಳ ದೊರೆಯಿತು. ಶುಲ್ಕ ದೊಡ್ಡದು, ತಂದೆ ಬ್ಯಾಂಕಿನಲ್ಲಿ ಸಾಲ ಮಾಡಿದ್ದಾರೆ. ಹುಡುಗಿಗೆ ದೊರೆಯಲಿಲ್ಲ. ಅವಳ ಕೊನೆಯ ಅಂಕ ನಾವು ಗೋಡೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದ ಸುಳ್ಳು ಅಂಕಕ್ಕಿಂತ ಸ್ವಲ್ಪ ಹೆಚ್ಚೇ ಇದ್ದಿತು, ಆದರೆ ಸಾಲಲಿಲ್ಲ. ಫಲಿತಾಂಶದ ದಿನ ತಂದೆ ಖಾತೆಯನ್ನು ತರಿಸಿ ನೋಡಿದರಂತೆ. ಇಂಗ್ಲಿಷಿನ ಪದಗಳನ್ನು ಬಿಟ್ಟು ಅಂಕಿಗಳನ್ನು ಮಾತ್ರ ಪುಟಪುಟವಾಗಿ ಓದಿ, ‘ಊಹಿಸಿದುದು’ ಎಂಬ ಪುಟದಲ್ಲಿ 19 ಇದ್ದುದು 4ಕ್ಕೆ ಬಂದುದನ್ನು ಬೆರಳಿಟ್ಟು ತೋರಿಸಿ, “ಬಾಕಿ ಇಳಿದಿದೆ” ಎಂದರಂತೆ. ಸಂಬಂಧದ ಮಾತು ಆಮೇಲೆ ಏಳಲಿಲ್ಲ. ಹುಬ್ಬಳ್ಳಿಯಲ್ಲಿ 2009ರಲ್ಲಿ ಸ್ಥಾಪಿತವಾದ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು ನಮ್ಮ ತುಮಕೂರಿನಲ್ಲಿಯೂ ಇವೆ. ಅಲ್ಲಿಗೆ ಕ್ಲಾಟ್ ಬೇಡ, ಪಿ.ಯು. ಅಂಕ ಸಾಕು. ಅವಳು ಈಗ ಅಂತಹದೊಂದರಲ್ಲಿ ಐದು ವರ್ಷದ ಲಾ ಓದುತ್ತಿದ್ದಾಳೆ. ಅದೇ ರೈಲಿನಲ್ಲಿ ಬರುತ್ತಾಳೆ.

ಕಳೆದ ತಿಂಗಳು ಅವಳ ತಂದೆ ಮಂಡಿಗೆ ಬಂದವರು ಮನೆಗೂ ಬಂದರು. ಜೊತೆಯಲ್ಲಿ ಹತ್ತನೆಯ ತರಗತಿಯ ಮಗನಿದ್ದನು. ಗೋಡೆಯ ಮೊಳೆ ಇನ್ನೂ ಹಾಗೆಯೇ ಇದೆ, ಅದಕ್ಕೆ ಈಗ ಪಂಚಾಂಗ ತೂಗುತ್ತದೆ. ಅವರು ಅಭ್ಯಾಸಬಲದಿಂದ ಅದರ ಮುಂದೆ ಒಂದು ಕ್ಷಣ ನಿಂತು, ಬಂದು ಕುಳಿತು, “ಇವನಿಗೂ ಒಂದು ಖಾತೆ ಹಾಕಿಸಿಕೊಡಬೇಕು, ಮೇಷ್ಟ್ರೇ” ಎಂದರು. ಅಕ್ಕನೇ ಹಾಕಿಕೊಡಲಿ, ನಮಗಿಂತ ಚೆನ್ನಾಗಿ ಬಲ್ಲಳು ಎಂದೆವು. ಹುಡುಗನು ಅಕ್ಕನಿಗೆ ತೋರಿಸಬೇಕೆ ಎಂದು ಕೇಳಿದನು. ಬೇಡವೆಂದು ತಂದೆಯೇ ಹೇಳಿದರು.